ಸತ್ತ ಬ್ಯಾಂಕುಗಳ ಸಂಬಂಧಿಕ

ನಮ್ಮ ಭಾವನಿಗೆ ಅಮೆರಿಕದ ತುಂಬ ಆಪ್ತರು. ಅವರಲ್ಲಿ ಒಬ್ಬರೂ ಬದುಕಿಲ್ಲ, ಅಷ್ಟೇ! ಎಲ್ಲರೂ ಬ್ಯಾಂಕಿನ ಕ್ಯಾಷಿಯರುಗಳು, ಇಲ್ಲವೇ ಬ್ಯಾಂಕಿನ ಅಧ್ಯಕ್ಷರು. ಸತ್ತು ನೂರು ವರ್ಷದ ಆಸುಪಾಸು. ಯಾರ ಕೈಬರಹ ಓರೆ, ಯಾರು ಶಾಯಿಯಲ್ಲಿ ಜಿಪುಣ, ಬ್ಯಾಂಕು ಮುಳುಗಿದ ಮೇಲೆ ಯಾರು ಊರು ಬಿಟ್ಟು ಓಡಿದ, ಯಾರು ಓಡಲಾರದೆ ಕೆರೆಗೆ ಹಾರಿದ ಎಂಬುದೆಲ್ಲ ಭಾವನಿಗೆ ಬಾಯಿಪಾಠ. ಹ್ಯಾಂಬರ್ಗಿನಲ್ಲಿ ಅವರ ಎದುರು ಮನೆಯಲ್ಲೇ ಇರುವ ಮುದುಕರ ಹೆಸರು ಕೇಳಿ ನೋಡಿ? "ಯಾರು, ಆ ನಾಯಿ ಇಟ್ಕೊಂಡಿದಾರಲ್ಲ, ಅವರಾ?" ಎನ್ನುತ್ತಾರೆ. ಆ ನಾಯಿ ಸತ್ತೇ ಬಹಳ ಕಾಲವಾಯಿತು. ನಾಯಿಗೆ ರುಜು ಹಾಕಲು ಬರುತ್ತಿರಲಿಲ್ಲವಾದ್ದರಿಂದ ಭಾವ ಗಮನಿಸಿಲ್ಲ.

ವಿಷಯ ಹೀಗೆ. ಹಿಂದೊಂದು ಕಾಲದಲ್ಲಿ ಅಮೆರಿಕದಲ್ಲಿ ಊರೂರಿನ ಬ್ಯಾಂಕುಗಳೂ ತಮ್ಮ ಹೆಸರಿನಲ್ಲಿ ನೋಟು ಹೊರಡಿಸಬಹುದಿತ್ತಂತೆ. ನ್ಯಾಷನಲ್ ಬ್ಯಾಂಕ್ ನೋಟು ಎಂದು ಅವಕ್ಕೆ ಹೆಸರು. ಸರ್ಕಾರ ಅಚ್ಚು ಹಾಕಿ ಕಳಿಸುವುದು. ಅದರ ಮೇಲೆ ಬ್ಯಾಂಕಿನ ಹೆಸರು, ಊರಿನ ಹೆಸರು, ಆ ಬ್ಯಾಂಕಿನ ಸನ್ನದಿನ ನಂಬರು. ಕೊನೆಗೆ ಎಡಗಡೆ ಕ್ಯಾಷಿಯರು, ಬಲಗಡೆ ಅಧ್ಯಕ್ಷ ರುಜು ಹಾಕಿದರೆ ನೋಟಿಗೆ ಜೀವ ಬಂತು. ನಾಲ್ಕು ಅಂಗಡಿ, ಒಂದು ಚರ್ಚು ಇರುವ ಊರಿಗೂ ತನ್ನದೇ ನೋಟು! ನಮ್ಮ ಕಡೆಯ ಊರುಗಳಿಗೆ ಈ ಭಾಗ್ಯ ಸಿಕ್ಕಿದ್ದರೆ ಯಾರ ಚಿತ್ರ ಹಾಕಬೇಕೆಂಬ ಜಗಳದಲ್ಲೇ ಎರಡು ಹೆಣ ಬೀಳುತ್ತಿದ್ದವು. ಆಮೇಲೆ ಎಷ್ಟೋ ಬ್ಯಾಂಕುಗಳು ಮುಳುಗಿದವು, ಎಷ್ಟೋ ಊರುಗಳು ಖಾಲಿಯಾದವು, ಆ ಪದ್ಧತಿಯೂ ನಿಂತಿತು. ಹ್ಯಾಂಬರ್ಗಿನಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದವರಲ್ಲಿ ಕೆಲವರು ಅಲ್ಲಿ ಏಗಲಾರದೆ ವಾಪಸಾದರಲ್ಲ, ಅವರ ಪೆಟ್ಟಿಗೆಯ ತಳದಲ್ಲಿ ಒಂದೋ ಎರಡೋ ನೋಟು ಇಲ್ಲಿಗೂ ಬಂತು. ಅವರು ಸತ್ತರು, ಅವರ ಮಕ್ಕಳು ಸತ್ತರು. ಮೊಮ್ಮಕ್ಕಳು ಮನೆ ಖಾಲಿ ಮಾಡಿ ಪೆಟ್ಟಿಗೆಯನ್ನು ಫ್ಲೋಮಾರ್ಕ್ಟಿನಲ್ಲಿ, ಎಂದರೆ ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ, ಮಾರಲು ಇಟ್ಟರು. ಅಲ್ಲಿ ಜಿಟಿಜಿಟಿ ಮಳೆಯಲ್ಲಿ ಕಾಯುತ್ತ ನಿಂತಿದ್ದವರು ನಮ್ಮ ಭಾವ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೈಸೂರಿನವರು. ವಿಮಾನದ ಲೋಹ ಯಾಕೆ ಬಿರುಕು ಬಿಡುತ್ತದೆ ಎಂದು ಕಂಡುಹಿಡಿಯಲು ಹ್ಯಾಂಬರ್ಗಿಗೆ ಬಂದು, ಜೀವಮಾನವೆಲ್ಲ ಬಿರುಕು ನೋಡಿ, ಈಗ ನಿವೃತ್ತರು. ಅಕ್ಕ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಮೈಸೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು. ಮದುವೆಯಾಗಿ ಇಲ್ಲಿಗೆ ಬಂದು ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಳು. ಅವರಿಗೆ ಮಕ್ಕಳಿಲ್ಲ. ಇರುವ ಒಬ್ಬಳೇ ಹತ್ತಿರದ ನೆಂಟಳೆಂದರೆ ನಾನು. ನಾನೋ ದೇಶದ ಇನ್ನೊಂದು ತುದಿಯಲ್ಲಿ, ರೆನ್ನಿಂಗೆನ್ ಹತ್ತಿರ, ಗಂಡ ಮಗಳ ಜೊತೆ ಇದ್ದೇನೆ.

ನನ್ನ ಗಂಡನನ್ನು ಮೊದಲ ಸಲ ಅವರ ಮನೆಗೆ ಕರೆದುಕೊಂಡು ಹೋದಾಗ ಭಾವ "ಪ್ರಯಾಣ ಹೇಗಾಯ್ತು" ಎಂದು ಕೇಳಲಿಲ್ಲ. "ಕೈ ತೊಳ್ಕೊಂಡ್ಬನ್ನಿ" ಎಂದರು. ಪಾಪ, ಊಟಕ್ಕೆ ಕರೆಯುತ್ತಿದ್ದಾರೆಂದುಕೊಂಡು ಅವನು ತೊಳೆದು ಬಂದ. "ಒರೆಸ್ಕೊಳಿ. ಇನ್ನೂ ಒರೆಸ್ಕೊಳಿ" ಎಂದು ಆಲ್ಬಮ್ ಬಿಚ್ಚಿದರು. ನಮ್ಮ ಅಜ್ಜಿ ಉಪ್ಪಿನಕಾಯಿ ಜಾಡಿಗೆ ಇಟ್ಟಿದ್ದ ಮಡಿಗಿಂತ ಒಂದು ಕೈ ಹೆಚ್ಚು! ನೋಡಿ ನೋಡಿ ಸುಸ್ತಾದ ನನ್ನ ಗಂಡ ಏನಾದರೂ ಕೇಳಬೇಕಲ್ಲ ಎಂದು, "ಇವೆಲ್ಲ ಈಗ ನಡೆಯತ್ತಾ ಸಾರ್?" ಎಂದ.

"ನಡೆಯತ್ತೆ. ಬ್ಯಾಂಕು ಸತ್ತಿದೆ, ರುಜು ಹಾಕ್ದೋನು ಸತ್ತಿದಾನೆ, ಅವನು ಕೊಟ್ಟ ಮಾತು ಸತ್ತಿಲ್ಲ. ಅಮೆರಿಕದಲ್ಲಿ ಇವತ್ತೂ ಇದಕ್ಕೆ ಬೆಲೆ ಇದೆ" ಎಂದರು ಭಾವ, ಕಣ್ಣು ತುಂಬಿಕೊಂಡು.

"ಹಂಗಾದ್ರೆ ಒಂದ್ ಕೊಡಿ ಸಾರ್, ಮುಂದಿನ್ ತಿಂಗ್ಳು ಆಫೀಸ್ ಕೆಲ್ಸಕ್ಕೆ ಅಲ್ಲಿಗ್ ಹೋಗ್ತಿದೀನಿ, ಕಾಫಿ ಕುಡೀತೀನಿ."

ಭಾವ ಆಲ್ಬಮ್ ಮುಚ್ಚಿದರು. ನಾವು ಹೊರಡುವಾಗ ಅಕ್ಕನ ಕಿವಿಯಲ್ಲಿ, "ಹುಡುಗ ಒಳ್ಳೆಯವನೇ, ಆದ್ರೆ ಕ್ರೂರಿ" ಎಂದರಂತೆ.

ಹಸಿರು ಮುದ್ರೆಯ ಪ್ರಕರಣ ಇದಕ್ಕಿಂತ ಸ್ವಾರಸ್ಯ. ಈ ನೋಟುಗಳ ಮೇಲೆ ಸರ್ಕಾರದ ಒಂದು ಮುದ್ರೆ ಇರುತ್ತದೆ. ಒಂದು ಕಾಲದವಕ್ಕೆ ಕೆಂಪು, ಒಂದು ಕಾಲದವಕ್ಕೆ ನೀಲಿ. ಕೆಂಪು ಅಪರೂಪ, ನೀಲಿ ಬೇಕಾದಷ್ಟು. ಒಂದು ದಿನ ಭಾವನಿಗೆ ತಮ್ಮದೇ ಆಲ್ಬಮ್ಮಿನಲ್ಲಿ ಹಸಿರು ಮುದ್ರೆಯ ನೋಟು ಕಂಡಿತು! ಹಸಿರು! ಯಾರೂ ನೋಡಿಲ್ಲ, ಯಾರೂ ಕೇಳಿಲ್ಲ. ಕೂಡಲೇ ಅಮೆರಿಕದಲ್ಲಿರುವ, ಇನ್ನೂ ಜೀವಂತವಾಗಿರುವ ಏಕೈಕ ಗೆಳೆಯನಿಗೆ ಮೇಲ್ ಹಾಕಿ ಜಗತ್ತನ್ನು ಎಚ್ಚರಿಸಿದರು. ಆಮೇಲೆ ಅಕ್ಕನನ್ನು ಕರೆದರು. ಅಕ್ಕ ಬಂದು ನೋಡಿ ಒಂದು ಸಲ ಮೂಸಿದಳು.

"ರೀ, ಇದು ಅರಿಶಿನ. ಮೊನ್ನೆ ಚಿತ್ರಾನ್ನ ತಿಂದ್ಕೊಂಡು ಯಾರೋ ಮುಟ್ಟಿದಾರೆ. ನೀಲಿ ಮೇಲೆ ಹಳದಿ ಕೂತ್ರೆ ಹಸಿರಾಗ್ದೆ ಇನ್ನೇನಾಗತ್ತೆ?"

"ಈ ಮನೇಲಿ ಕೈ ತೊಳೀದೆ ಯಾರೂ ಮುಟ್ಟಲ್ಲ."

"ನೀವೇ ಮುಟ್ಟಿದೀರಿ."

ಸೋಪಿನ ನೀರಲ್ಲಿ ಬೆರಳದ್ದಿ ನೋಟಿನ ಅಂಚಿಗೆ ಒಂದಿಷ್ಟೇ ತಾಗಿಸಿದಳು. ಹಳದಿ ಕಲೆ ಆರತಿ ನೀರಿನ ಹಾಗೆ ಕೆಂಪಗಾಯಿತು. ಭಾವನ ಮುಖ ನೋಡಲಾರದೆ, "ಇನ್ನೊಂಚೂರು ಸೋಪು ಹಚ್ಚಿ, ಕೆಂಪು ಮುದ್ರೆ ಆಗತ್ತೆ. ಅದೂ ಅಪರೂಪ ಅಂತಿದ್ರಲ್ಲ?" ಎಂದು ಒಳಗೆ ಹೋಗಿ ನಕ್ಕಳಂತೆ. ಭಾವ ಆ ಗೆಳೆಯನಿಗೆ ಇನ್ನೊಂದು ಮೇಲ್ ಹಾಕಿ, ಚಿತ್ರಾನ್ನದ ಕಾರಣದಿಂದ ಸಂಶೋಧನೆಯನ್ನು ಹಿಂಪಡೆದರು. ಗೆಳೆಯ ಚಿತ್ರಾನ್ನ ಮಾಡುವುದು ಹೇಗೆ ಎಂದು ಕೇಳಿ ಉತ್ತರ ಬರೆದ.

ಇಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ಭಾವನಿಗೆ ಚೆನ್ನಾಗಿರುವ ನೋಟು ಬೇಡ. ಗರಿಗರಿ ನೋಟು ತೋರಿಸಿದರೆ "ಇದರಲ್ಲಿ ಏನಿದೆ? ಎಲ್ಲಾ ಬರೆದಿದೆಯಲ್ಲ" ಎನ್ನುತ್ತಾರೆ. ಹರಿದದ್ದು, ನೀರು ಕುಡಿದದ್ದು, ಇಲಿ ತಿಂದದ್ದು ಬೇಕು. ಊರಿನ ಹೆಸರಿನ ತಲೆ ಹೋಗಿ ಬರೀ "ವಿಲ್" ಎಂಬ ಬಾಲ ಉಳಿದಿರಬೇಕು. ಅಮೆರಿಕದಲ್ಲಿ ವಿಲ್ ಎಂದು ಮುಗಿಯುವ ಊರುಗಳು ನಮ್ಮಲ್ಲಿ ಹಳ್ಳಿ ಎಂದು ಮುಗಿಯುವಷ್ಟಿವೆ! ಸನ್ನದಿನ ನಂಬರಿನ ಅರ್ಧ, ರುಜುವಿನ ಒಂದು ಸುಳಿ, ಇಷ್ಟು ಹಿಡಿದುಕೊಂಡು ವಾರಗಟ್ಟಲೆ ಕೂತು, ಇದು ಇಂಥದೇ ಊರಿನ ಇಂಥದೇ ಬ್ಯಾಂಕು, ಇಂಥವನೇ ಕ್ಯಾಷಿಯರು ಎಂದು ಗುರುತು ಹಿಡಿಯುತ್ತಾರೆ. ಆಮೇಲೆ ಆ ಕ್ಯಾಷಿಯರನ ಗತಿ ಏನಾಯಿತೆಂದು ಹುಡುಕುತ್ತಾರೆ. ಗತಿ ಯಾವತ್ತೂ ಚೆನ್ನಾಗಿರುವುದಿಲ್ಲ.

ನನ್ನ ಮಗಳ ಹುಟ್ಟುಹಬ್ಬಕ್ಕೆ ಇಬ್ಬರೂ ರೈಲಿನಲ್ಲಿ ಬಂದಿದ್ದರು. ಕೇಕು ಕತ್ತರಿಸುವ ಹೊತ್ತಿಗೆ ಭಾವ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು, ಒಬ್ಬ ಕ್ಯಾಷಿಯರು ಬ್ಯಾಂಕಿನ ಬಾಗಿಲು ಹಾಕಿದ ದಿನ ಹಿಮದಲ್ಲಿ ನಡೆದು ಹೋದವನು ವಸಂತ ಬಂದ ಮೇಲೆ ಸಿಕ್ಕ ಕಥೆಯನ್ನು ಜರ್ಮನ್ನಿನಲ್ಲಿ ಹೇಳಿದರು. ವಸಂತದಲ್ಲಿ ಯಾವ ಸ್ಥಿತಿಯಲ್ಲಿ ಸಿಕ್ಕ ಎಂಬುದನ್ನೂ ಬಿಡಲಿಲ್ಲ. ಮಗಳು ಓಡಿಬಂದು, "ಮಮಾ, ಆ ಅಂಕಲ್ ಟೋಟ್ ಆಗ್ಬಿಟ್ರಾ, ಸತ್ತೇ ಹೋದ್ರಾ?" ಎಂದು ಅಳತೊಡಗಿದಳು. ಅವಳ ಹಿಂದೆ ಇನ್ನಿಬ್ಬರು.

"ರೀ, ಹುಟ್ಟಿದಬ್ಬಕ್ಕೆ ಬಂದ ಮಕ್ಳಿಗೆ ತಿಥಿ ಮಾಡಿಸ್ತಿದೀರಲ್ರೀ!" ಎಂದಳು ಅಕ್ಕ.

"ಯಾರೋ ಒಬ್ರು ಮಾಡ್ಬೇಕಲ್ಲ ಇವಳೇ. ಅವನಿಗೂ ಮಕ್ಳಿರಲಿಲ್ಲ" ಎಂದರು ಭಾವ. ಅಕ್ಕ ಕೇಕಿನ ತುಂಡೊಂದನ್ನು ಅವರ ಕೈಗಿಟ್ಟು ಹೋದಳು.

ಕಳೆದ ನವೆಂಬರಿನಲ್ಲಿ ಅಕ್ಕ ಅಡುಗೆಮನೆಯಲ್ಲಿ ಬಿದ್ದಳು. ಉಪ್ಪಿಟ್ಟಿಗೆ ಒಗ್ಗರಣೆ ಇಟ್ಟಿದ್ದಳಂತೆ. ಭಾವ ತಮ್ಮ ಕೋಣೆಯಲ್ಲಿ ಭೂತಗನ್ನಡಿ ಹಿಡಿದಿದ್ದರು. ಸೀದ ವಾಸನೆ ಬಂತು. "ಇವಳೇ, ಸೀಯ್ತಿದೆ ನೋಡು" ಎಂದು ಎರಡು ಸಲ ಕೂಗಿ, ಆಮೇಲೆ ಎದ್ದು ಹೋದರು. ಆ ಎರಡು ಕೂಗನ್ನು ಅವರು ಈಗಲೂ ಆಗಾಗ ಹೇಳುತ್ತಾರೆ, ಯಾರೂ ಕೇಳದಿದ್ದರೂ.

ಲಕ್ವ ಹೊಡೆದಿತ್ತು. ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಜರ್ಮನ್ ಪೂರ್ತಿ ಹೋಯಿತು, ಇಂಗ್ಲಿಷೂ ಹೋಯಿತು. ಕನ್ನಡ ಮಾತ್ರ ಚೂರುಚೂರಾಗಿ ಉಳಿಯಿತು. ಆಸ್ಪತ್ರೆಗೆ ಧಾವಿಸಿದ ನನ್ನನ್ನು ನೋಡಿ "ಪು… ಪು…" ಎಂದಳು. ಮನೆಯಲ್ಲಿ ನನ್ನನ್ನು ಪುಟ್ಟಿ ಎನ್ನುವುದು. ನಾನು ಹೊರಗೆ ಹೋಗಿ ಅತ್ತು ಬಂದೆ. ಬಂದು ನೋಡಿದರೆ ಭಾವ ಹಾಸಿಗೆಯ ಮೇಲೆ ಬಗ್ಗಿ ಅಕ್ಕನ ತುಟಿಯನ್ನು ನೋಟು ನೋಡುವ ಹಾಗೆಯೇ ನೋಡುತ್ತಿದ್ದಾರೆ! ಅಕ್ಕ "ಕೊ… ಕೊ…" ಎನ್ನುತ್ತಿದ್ದಾಳೆ.

"ಮೊದಲಕ್ಷರ ಗಟ್ಟಿ ಇದೆ, ಬಾಲ ಹರಿದಿದೆ. ಕೊಬ್ರಿ, ಕೊತ್ತಂಬ್ರಿ, ಕೊಡೆ…" ಎಂದರು ಭಾವ.

ನನಗೆ ತಲೆ ಕೆಟ್ಟಿತು. "ಭಾವ, ಅಕ್ಕ ಹರಿದ ನೋಟಲ್ಲ!"

"ಗೊತ್ತಮ್ಮ. ನೋಟಾಗಿದ್ರೆ ನಾನು ಇಷ್ಟು ಹೆದರ್ತಿರಲಿಲ್ಲ" ಎಂದು ಮತ್ತೆ ಬಗ್ಗಿದರು. "ಕಿಟಕಿ ಕಡೆ ನೋಡ್ತಿದಾಳೆ. ಹೊರಗೆ ಮಳೆ. ನನ್ನ ಕೋಟು ಒದ್ದೆ. ಇವಳೇ, ಕೊಡೆ ತಂದಿಲ್ವಾ ಅಂತ ಕೇಳ್ತಿದೀಯಾ?"

ಅಕ್ಕ ಕಣ್ಣು ಮುಚ್ಚಿ ದಿಂಬಿಗೆ ಒರಗಿದಳು. ಅದೇ ಕೇಳಿದ್ದು. ಆವತ್ತಿನಿಂದ ನಾನು ಭಾವನ ಮೇಲೆ ರೇಗುವುದನ್ನು ಕಡಿಮೆ ಮಾಡಿದೆ.

ಆಸ್ಪತ್ರೆಯಿಂದ ರೇಹಾಕ್ಕೆ ಕಳಿಸಿದರು. ರೇಹಾ ಎಂದರೆ ನಡೆಯುವುದು, ನುಂಗುವುದು, ಮಾತಾಡುವುದು ಇವನ್ನೆಲ್ಲ ಮತ್ತೆ ಕಲಿಸುವ ಜಾಗ. ಅಲ್ಲಿನ ನಿಯಮ ಸರಳ. ರೋಗಿ ಕಲಿಯುತ್ತಿದ್ದರೆ ಇನ್ನಷ್ಟು ವಾರ ಕೊಡುತ್ತಾರೆ. ಕಲಿಯುತ್ತಿಲ್ಲವೆಂದರೆ ಫ್ಲೇಗೆಹೈಮ್, ಎಂದರೆ ಕೊನೆಯವರೆಗೂ ನೋಡಿಕೊಳ್ಳುವ ಆಶ್ರಮ. ಅಲ್ಲಿಂದ ಯಾರೂ ವಾಪಸು ಬಂದ ಹಾಗೆ ನಾನು ಕೇಳಿಲ್ಲ. ಮಾತು ಕಲಿಸುವ ಲೋಗೋಪೆಡಿನ್ ಚಿಕ್ಕ ವಯಸ್ಸಿನ ಹೆಂಗಸು, ಬಹಳ ಒಳ್ಳೆಯವಳು. ಕಪ್ಪು, ಚಮಚ, ಬೆಕ್ಕು ಎಂದು ಚಿತ್ರ ತೋರಿಸುತ್ತಿದ್ದಳು. ನಾನು ಬಂದ ದಿನಗಳಲ್ಲಿ ನಾನು ಕನ್ನಡದಲ್ಲಿ ಕೇಳುವುದು, ಉಳಿದ ದಿನ ಭಾವ. ಅಕ್ಕ ಹತ್ತಕ್ಕೆ ಮೂರು ನಾಲ್ಕು ಅರ್ಧಂಬರ್ಧ ಹೇಳುತ್ತಿದ್ದಳು. ಕೊನೆಗೆ ಲೋಗೋಪೆಡಿನ್ ಭಾವನ ಕಡೆ ಕೈ ತೋರಿಸಿ, "ಇವರು ಯಾರು? ನಿಮ್ಮ ಗಂಡನ ಹೆಸರೇನು?" ಎಂದು ಕೇಳುತ್ತಿದ್ದಳು.

"ಅಕ್ಕಾ, ಭಾವನ ಹೆಸರೇನೇ?" ಎಂದು ನಾನು ಕೇಳುತ್ತಿದ್ದೆ.

ಅಕ್ಕ ತುಟಿ ಬಿಗಿಹಿಡಿದು ತಲೆ ತಗ್ಗಿಸುತ್ತಿದ್ದಳು. ಪ್ರತಿ ಸಲವೂ ಹೀಗೇ. ತಂಗಿಯ ಹೆಸರಿನ ಮೊದಲಕ್ಷರ ಬರುತ್ತದೆ, ಗಂಡನದು ಅದೂ ಬರುವುದಿಲ್ಲ. ಗಂಡನ ಗುರುತು ಸಿಗುತ್ತಿಲ್ಲವೆಂದು ವರದಿಯಾಯಿತು. "ಗುರುತಿದೆ, ಕೊಡೆ ಎಲ್ಲಿ ಅಂತ ಕೇಳಿದಳು" ಎಂದು ಭಾವ ವಾದಿಸಿದರು. ಮನೆಯವರೆಲ್ಲ ಹೀಗೇ ನಂಬುತ್ತಾರೆ ಎಂದು ಡಾಕ್ಟರು ಮೆತ್ತಗೆ ಹೇಳಿದರು. ಕೊಡೆ ಎಲ್ಲಿ ಎಂದು ಒದ್ದೆಯಾಗಿ ಬಂದ ಯಾರನ್ನಾದರೂ ಕೇಳಬಹುದಲ್ಲ? ಈ ಮಾತು ಭಾವನ ತಲೆ ಹೊಕ್ಕಿತು. ಜೀವಮಾನವೆಲ್ಲ ಬಿರುಕು ಹುಡುಕಿದ ತಲೆ ಬೇರೆ. ಬರಬರುತ್ತ ಅವರೇ, "ಹೌದೇನೋಮ್ಮ. ಯಾರೋ ಮುದುಕ ದಿನಾ ಬರ್ತಾನೆ ಅಂದ್ಕೊಂಡಿರಬಹುದು" ಎನ್ನತೊಡಗಿದರು. ಮನೆಗೆ ಹೋಗಿ ಆಲ್ಬಮ್ಮನ್ನೂ ಮುಟ್ಟುತ್ತಿರಲಿಲ್ಲ.

ಒಂದು ದಿನ ಲೋಗೋಪೆಡಿನ್ ನನ್ನನ್ನು ಪಕ್ಕಕ್ಕೆ ಕರೆದು, "ಕಾಯಿಲೆಗೆ ಮುಂಚೆ ಇವರು ಗಂಡನನ್ನು ಏನೆಂದು ಕರೆಯುತ್ತಿದ್ದರು? ಅದೇ ಹೆಸರಲ್ಲಿ ಕೇಳೋಣ" ಎಂದಳು.

ಏನೆಂದು ಕರೆಯುತ್ತಿದ್ದಳು?

"ರೀ."

"ರೀ? ಅದು ಮುದ್ದಿನ ಹೆಸರೇ?"

"ಅಲ್ಲ. ಅದು ಹೆಸರೇ ಅಲ್ಲ. ಅದು… ವ್ಯಾಕರಣ."

ಅವಳಿಗೆ ಅರ್ಥವಾಗಲಿಲ್ಲ. ಗೌರವಕ್ಕೆ ಮಾತಿನ ಕೊನೆಗೆ ಹಚ್ಚುವ ಪ್ರತ್ಯಯವನ್ನೇ ಕಿತ್ತು ಗಂಡನಿಗೆ ಹೆಸರಾಗಿ ಇಟ್ಟಿದ್ದಾಳೆಂದು ನಾನು ಜರ್ಮನ್ನಿನಲ್ಲಿ ಹೇಗೆ ಹೇಳಲಿ? ನಿಮ್ಮಲ್ಲಿ ಅಪರಿಚಿತರಿಗೆ 'ಜೀ', ನೀವು, ಎಂದು ಬಹುವಚನ ಹಚ್ಚುತ್ತೀರಲ್ಲ, ಹೆಚ್ಚುಕಡಿಮೆ ಅದು ಎಂದೆ. ಅವಳು ಕಣ್ಣರಳಿಸಿದಳು. "ನಿಮ್ಮ ಅಕ್ಕ ಇಷ್ಟು ವರ್ಷವೂ ಸ್ವಂತ ಗಂಡನಿಗೆ 'ಜೀ' ಎನ್ನುತ್ತಿದ್ದರೇ? ಅವರ ದಾಂಪತ್ಯ ಚೆನ್ನಾಗಿತ್ತೇ?"

ನಾನು ಆಸ್ಪತ್ರೆಯೆಂಬುದನ್ನೂ ಮರೆತು ಗಟ್ಟಿಯಾಗಿ ನಕ್ಕೆ. ನಗುನಗುತ್ತಲೇ ನೆನಪಾಯಿತು. ಅಕ್ಕನ ಮದುವೆಯಲ್ಲಿ ಹೆಂಗಸರೆಲ್ಲ ಹೊಸಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದೆಂದು ಹಟ ಮಾಡಿದ್ದರು. ಎಂ.ಎಸ್ಸಿ. ಮಾಡಿದ ಅಕ್ಕ ಹೀಗೇ ತುಟಿ ಬಿಗಿಹಿಡಿದು, ಹೀಗೇ ತಲೆ ತಗ್ಗಿಸಿ ನಿಂತಿದ್ದಳು! ಕೊನೆಗೆ ಅವರೇ ಸೋತು ದಾರಿ ಬಿಟ್ಟರು. ಜರ್ಮನಿಗೆ ಬಂದ ಮೇಲಂತೂ ಅವಳಿಗೆ ಬಹಳ ಅನುಕೂಲವಾಗಿತ್ತು. ಇಲ್ಲಿ 'ಮೈನ್ ಮನ್', ನನ್ನ ಗಂಡ, ಎಂದರೆ ಎಲ್ಲ ಕಡೆ ಸಾಕು. ಅಷ್ಟಾಗಿಯೂ ಯಾವುದಾದರೂ ಆಫೀಸಿನಲ್ಲಿ ಒತ್ತಾಯ ಮಾಡಿದರೆ ಭಾವನ ಪಾಸ್‌ಪೋರ್ಟನ್ನೇ ಮುಂದಿಡುತ್ತಿದ್ದಳು. ಅವಳು ಆ ಹೆಸರು ಹೇಳಿದ್ದನ್ನು ಯಾರೂ ಕೇಳಿಲ್ಲ. ನಾನೋ ನನ್ನ ಗಂಡನನ್ನು ದಿನಕ್ಕೆ ನೂರು ಸಲ ಹೆಸರು ಹಿಡಿದು ಕೂಗುವವಳು. ನನಗೆ ಹೊಳೆಯಲೇ ಇಲ್ಲ.

ಓಡಿ ಹೋಗಿ ಭಾವನಿಗೆ ಹೇಳಿದೆ. "ಹೌದಲ್ಲಮ್ಮಾ" ಎಂದರು. "ನಾನೂ ಕೇಳಿಲ್ಲ."

ದೊಡ್ಡ ಡಾಕ್ಟರಿಗೂ ವಿವರಿಸಿದೆವು. ಅವರು ತಾಳ್ಮೆಯಿಂದ ಕೇಳಿದರು. ಪದ್ಧತಿ ಇರಬಹುದು, ಆದರೆ ಉಳಿದ ಪದಗಳೂ ಹೆಚ್ಚುತ್ತಿಲ್ಲ, ಕಡೆಯ ಪರೀಕ್ಷೆಯಲ್ಲಿ ಒಂದೇ ಒಂದು ಸಲ ಗಂಡನ ಹೆಸರು ಹೇಳಿದರೂ ಇನ್ನಷ್ಟು ವಾರ ಕೇಳಿ ಬರೆಯುತ್ತೇನೆ ಎಂದರು. ಅದೂ ನ್ಯಾಯವೇ.

ಪರೀಕ್ಷೆಯ ದಿನ ಡಾಕ್ಟರು, ಲೋಗೋಪೆಡಿನ್, ನಾನು ಎಲ್ಲ ಸುತ್ತ ನಿಂತಿದ್ದೆವು. ಭಾವ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಬಂದಿದ್ದರು. ಅಕ್ಕನ ಎದುರು ಕುರ್ಚಿ ಎಳೆದು ಕೂತರು.

"ಇವಳೇ, ಇವರು ಕೇಳ್ತಿರೋದು ನಿನ್ನ ಒಳ್ಳೇದಕ್ಕೆ. ಒಂದು ಸಲ ಹೇಳಿಬಿಡು. ನಾನೇ ಹೇಳ್ತಿದೀನಲ್ಲ, ಏನೂ ಆಗಲ್ಲ."

"ಹೇಳೇ ಅಕ್ಕಾ. ಹೇಳಿದ್ರೆ ಮಾತ್ರ ಇಟ್ಕೋತಾರಂತೆ. ಇಲ್ದಿದ್ರೆ ಕಳಿಸ್ಬಿಡ್ತಾರೆ" ಎಂದೆ ನಾನು.

ಅಕ್ಕನಿಗೆ ಎಲ್ಲ ಅರ್ಥವಾಯಿತು. ಅದು ನನಗೆ ಅವಳ ಕಣ್ಣಲ್ಲೇ ಕಂಡಿತು. ಅವಳು ಭಾವನನ್ನು ದಿಟ್ಟಿಸಿ ನೋಡಿ, ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಸರಿಯಾಗಿರುವ ಎಡಗೈಯನ್ನು ಎತ್ತಿ ಭಾವನ ಎದೆಯ ಮೇಲಿಟ್ಟು, ಮುಖವೆಲ್ಲ ಕೆಂಪಾಗುವ ಹಾಗೆ ತಿಣುಕಿ, "ಆ… ಆಯು…" ಎಂದಳು. ಮತ್ತೆ "ಆಯು…" ಎಂದಳು. ಮುಂದೆ ಬರಲಿಲ್ಲ.

"ಏನೆಂದರು?" ಎಂದಳು ಲೋಗೋಪೆಡಿನ್, ಆಸೆಯಿಂದ. "ಅದು ಹೆಸರೇ?"

ಭಾವ ಕನ್ನಡಕ ತೆಗೆದರು. ಈ ಸಲ ಅವರು ಬಗ್ಗಿ ನೋಡಲಿಲ್ಲ, ಬೇರೆ ಬೇರೆ ಪದ ಜೋಡಿಸಿ ನೋಡಲೂ ಇಲ್ಲ. ನಿಧಾನವಾಗಿ, ವ್ಯಾಕರಣ ಒಂದೂ ತಪ್ಪದ ಜರ್ಮನ್ನಿನಲ್ಲಿ ಹೇಳಿದರು. "ಆಯುಷ್ಯ ಅಂದಳು ಡಾಕ್ಟರ್. ನನ್ನ ಹೆಸರು ಇವಳಿಗೆ ಗೊತ್ತಿದೆ. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಇವಳ ನಂಬಿಕೆ. ಇವಳನ್ನು ಎಲ್ಲಿಗೆ ಕಳಿಸಿದರೂ ಸರಿಯೇ, ಹೇಳುವುದಿಲ್ಲ."

ಲೋಗೋಪೆಡಿನ್ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ಡಾಕ್ಟರು ಹೋಗುವಾಗ ಭಾವನ ಭುಜ ಮುಟ್ಟಿದರು. ಇನ್ನಷ್ಟು ವಾರ ಮಾತ್ರ ಸಿಗಲಿಲ್ಲ. ಗಂಡನ ಹೆಸರು ಬರಲಿಲ್ಲವೆಂದೇ ವರದಿಯಾಯಿತು, ಬರಲಿಲ್ಲ ತಾನೇ? ಭಾವ ಫ್ಲೇಗೆಹೈಮ್ ಬೇಡವೆಂದು ಅಕ್ಕನನ್ನು ಮನೆಗೆ ಕರೆದುಕೊಂಡು ಬಂದರು. ಅವಳು ಇನ್ನು ಚೇತರಿಸಿಕೊಳ್ಳುವ ಹಾಗೆ ಕಾಣುವುದಿಲ್ಲ. ಇರುವ ಅಕ್ಷರಗಳೂ ಒಂದೊಂದಾಗಿ ಕಡಿಮೆಯಾಗುತ್ತಿವೆ. ಈಚೆಗೆ ನನ್ನನ್ನು ಕಂಡಾಗ "ಪು" ಕೂಡ ಬರುತ್ತಿಲ್ಲ.

ಮನೆಗೆ ಕರೆತಂದ ಮಾರನೆಯ ಬೆಳಿಗ್ಗೆ ನಾನು ಕಾಫಿಗೆ ಹಾಲಿಡುತ್ತಿದ್ದೆ. ಭಾವ ಅಡುಗೆಮನೆಗೆ ಬಂದು ಒಂದೊಂದೇ ಕಪಾಟು ತೆಗೆದು ತಡಕಾಡತೊಡಗಿದರು.

"ಏನ್ ಹುಡುಕ್ತಿದೀರಾ ಭಾವ?"

"ಬಿ.ಪಿ. ಮಾತ್ರೆ ಅಮ್ಮ. ಡಾಕ್ಟ್ರು ಕೊಟ್ಟು ಕಾಲ ಆಯ್ತು. ಒಂದೂ ನುಂಗಿಲ್ಲ. ಇವಳು ಹೇಳಿ ಹೇಳಿ ಸಾಕಾಗಿ ಎಲ್ಲೋ ಎತ್ತಿಟ್ಟಿದಾಳೆ."

"ಇವತ್ತೇನು ಇದ್ದಕ್ಕಿದ್ದ ಹಾಗೆ?"

"ಅವಳು ಅಷ್ಟು ಕಷ್ಟಪಟ್ಟು ಬಾಯಿ ಬಿಗಿಹಿಡ್ಕೊಂಡು ನನ್ನ ಕಾಯ್ತಿದಾಳೆ. ಮಧ್ಯದಲ್ಲಿ ನಾನು ಸತ್ತುಗಿತ್ತು ಹೋದ್ರೆ ಅವಳ ಮಾತಿಗೆ ಏನ್ ಮರ್ಯಾದೆ ಉಳಿಯತ್ತೆ?"

ಮಾತ್ರೆ ಸಕ್ಕರೆ ಡಬ್ಬಿಯ ಹಿಂದೆ ಸಿಕ್ಕಿತು. ಭಾವ ಅದನ್ನೂ ನೀರಿನ ಲೋಟವನ್ನೂ ತೆಗೆದುಕೊಂಡು ಅಕ್ಕನ ಮಂಚದ ಹತ್ತಿರ ಹೋದರು. ಅವಳು ನೋಡುವ ಹಾಗೆ ಅಂಗೈಯಲ್ಲಿಟ್ಟು ತೋರಿಸಿ, ಬಾಯಿಗೆ ಹಾಕಿಕೊಂಡು ನುಂಗಿದರು. ಆಮೇಲೆ ಅವಳಿಗೆ ಅನುಮಾನ ಬೇಡವೆಂದು, ಮುಖದ ಹತ್ತಿರ ಬಗ್ಗಿ, ಬಾಯಿ ಅಗಲಿಸಿ, ನಾಲಿಗೆ ಎತ್ತಿ ತೋರಿಸಿದರು.